ಹಿಂಗ್ವಷ್ಟಕಕ್ಕೆ ಯಾವ ಇಂಗು?

ಪ್ರಶ್ನೆ: ವೈದ್ಯರೇ, ಹೊಟ್ಟೆಯುಬ್ಬರಕ್ಕೆ ಕೊಡುವ ಎಂಟು ವಸ್ತುಗಳ ಆಯುರ್ವೇದ ಪುಡಿ, ಹಿಂಗ್ವಷ್ಟಕ ಚೂರ್ಣ, ಮನೆಯಲ್ಲೇ ಮಾಡಬೇಕು. ಡಬ್ಬಿ ಇಂಗು ಆಗುತ್ತದೆಯೇ? ಗಟ್ಟಿ ಇಂಗು ಹುರಿದು ಕುಟ್ಟಿದರೆ ಕುಟ್ಟಾಣಿಗೇ ಮೆತ್ತಿಕೊಳ್ಳುತ್ತದೆ.

ಉತ್ತರ: ಡಬ್ಬಿ ಪುಡಿ ಸಾರಿಗೆ ಸರಿ, ಔಷಧಕ್ಕೆ ಬೇಡ. ಅದರಲ್ಲಿ ಮೈದಾ ಅಥವಾ ಅಕ್ಕಿಹಿಟ್ಟು, ಗೋಂದು ಇವೇ ಹೆಚ್ಚು. ಅಸಲಿ ಇಂಗು ಇರಾನ್, ಅಫ್ಘಾನಿಸ್ತಾನದ ಒಣಬೆಟ್ಟಗಳ ಫೆರುಲಾ ಗಿಡದ ಬೇರಿನ ಹಾಲು. ನಾಲ್ಕೈದು ವರ್ಷದ ಗಿಡ ಹೂಬಿಡುವ ಮುನ್ನ ಬುಡ ಬಿಡಿಸಿ ಬೇರಿನ ತಲೆ ಕೊಯ್ಯುತ್ತಾರೆ; ಒಸರಿ ಗಟ್ಟಿಯಾದದ್ದನ್ನು ಕೆರೆದು ಮತ್ತೆ ತೆಳುವಾಗಿ ಕೊಯ್ಯುತ್ತಾರೆ.

ಮೆತ್ತಿಕೊಳ್ಳುವುದು ಒಳಗೆ ಹಸಿ ಉಳಿದಿದ್ದಕ್ಕೆ. ಮೆಣಸಿನಕಾಳಿನಷ್ಟು ಸಣ್ಣ ಚೂರು ಮಾಡಿ. 10 ಗ್ರಾಂ ಇಂಗಿಗೆ ಒಂದು ಚಮಚ ತುಪ್ಪ, ಕಬ್ಬಿಣದ ಸೌಟು, ಸಣ್ಣ ಉರಿ. ಚೂರು ಉಬ್ಬಿ ಗರಿಗರಿಯಾದ ಕೂಡಲೇ ಇಳಿಸಿ. ಪೂರ್ತಿ ಆರಿದ ಮೇಲೇ ಕುಟ್ಟಬೇಕು. ಬಿಸಿ ರಾಳ ಅಂಟುತ್ತದೆ. ಉರಿ ಜೋರಾದರೆ ಹೊರಗೆ ಕಪ್ಪು, ಒಳಗೆ ಮೇಣ.

ಶುಂಠಿ, ಮೆಣಸು, ಹಿಪ್ಪಲಿ, ಅಜಮೋದ (ಓಮವನ್ನು ಹೋಲುವ ಬೀಜ), ಜೀರಿಗೆ, ಶಾಹಿ ಜೀರಿಗೆ, ಸೈಂಧವ ಲವಣ ತಲಾ 10 ಗ್ರಾಂ. ಶಾಹಿ ಜೀರಿಗೆ ಸಿಗಲಿಲ್ಲವೆಂದು ಕಾಡುಜೀರಿಗೆ ಹಾಕಬೇಡಿ. ಅದು ಬೇರೆಯದೇ ಗಿಡ, ವಿಪರೀತ ಕಹಿ. ಉಪ್ಪನ್ನು ಬಾಣಲೆಯಲ್ಲಿ ಬಿಸಿ ಮಾಡಿ ಆರಿಸದಿದ್ದರೆ ಪುಡಿ ಗಂಟುಕಟ್ಟುತ್ತದೆ. ಇಂಗು ಎಷ್ಟೆಂಬುದರಲ್ಲೇ ಜಗಳ: ಈ ಚೂರ್ಣದ ಶ್ಲೋಕದ ‘ಅಷ್ಟಮೋ ಹಿಂಗುಭಾಗಃ’ (ಎಂಟನೆಯ ಭಾಗ ಇಂಗು) ಎಂಬುದನ್ನು ಕೆಲವರು ಸಮಭಾಗ, 10 ಗ್ರಾಂ ಎನ್ನುತ್ತಾರೆ, ಕೆಲವರು ಒಂದು ಭಾಗದ ಎಂಟನೇ ಒಂದು, ಅಂದರೆ 1.25 ಗ್ರಾಂ ಎನ್ನುತ್ತಾರೆ. ಎದೆಯುರಿ ಇರುವವರ ಮನೆಗೆ ಎರಡನೆಯದೇ ವಾಸಿ. ಊಟದ ಮೊದಲ ತುತ್ತಿಗೆ ತುಪ್ಪದ ಜೊತೆ 1ರಿಂದ 3 ಗ್ರಾಂ, ಹೊಟ್ಟೆಯುಬ್ಬರಕ್ಕೆ.

ಪ್ರಶ್ನೆ: ಅಸಲಿ ಅಂತ ತಿಳಿಯೋದು ಹೇಗೆ?

ಉತ್ತರ: ನೀರಿನಲ್ಲಿ ಕದಡಿದರೆ ಹಾಲಿನಂತೆ ಬೆಳ್ಳಗಾಗಬೇಕು, ತಳದಲ್ಲಿ ಕಲ್ಲುಪುಡಿ ಕೂರಬಾರದು. ಸ್ಟೀಲ್ ಚಮಚದಲ್ಲಿ ಹೊತ್ತಿಸಿದರೆ ಕರ್ಪೂರದಂತೆ ಉರಿಯುತ್ತದೆ. ಡಬ್ಬಿ ಪುಡಿ ಹಾಗೆ ಉರಿಯದಿದ್ದರೆ ಕಲಬೆರಕೆ ಎನ್ನಬೇಡಿ, ಹಿಟ್ಟಿರುವುದು ಲೇಬಲ್ಲಿನಲ್ಲೇ ಇರುತ್ತದೆ. ಗೋಧಿ ಒಗ್ಗದವರು ಅದನ್ನು ಓದಲೇಬೇಕು.

ಪ್ರಶ್ನೆ: ಮಲೆನಾಡಲ್ಲಿ ಬೆಳೆಯಬಹುದಾ ಸಾರ್?

ಉತ್ತರ: ಆಗದು, ಒಣಚಳಿ ಬೇಕು. 2020ರ ಅಕ್ಟೋಬರ್‌ನಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟದ್ದು ಅದಕ್ಕೇ.

ಪ್ರಶ್ನೆ: ಮೂರು ತಿಂಗಳ ಕೂಸಿಗೆ ಹೊಟ್ಟೆನೋವು. ಅಜ್ಜಿ ಹಾಲಲ್ಲಿ ಇಂಗು ಕೊಡು ಅಂತಾರೆ.

ಉತ್ತರ: ಬಾಯಿಗೆ ಖಂಡಿತ ಬೇಡಮ್ಮ. ಎಳೆಗೂಸುಗಳಲ್ಲಿ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ ಮೈ ನೀಲಿಗಟ್ಟಿದ ಪ್ರಕರಣ ದಾಖಲಾಗಿದೆ. ಅಜ್ಜಿಗೆ ಸಮಾಧಾನವಾಗಬೇಕಿದ್ದರೆ ಕಡ್ಡಿ ತುದಿಯಷ್ಟು ಇಂಗನ್ನು ನೀರಿನಲ್ಲಿ ತೇದು ಹೊಕ್ಕುಳ ಸುತ್ತ ಹಚ್ಚಲಿ, ಹೊಕ್ಕುಳೊಳಗೆ ಬೇಡ, ಕೆಂಪಾದರೆ ತೊಳೆದುಬಿಡಿ. ವಾಂತಿ, ಜ್ವರ, ನಿಲ್ಲದ ಅಳು ಇದ್ದರೆ ಇವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ. ಬಸುರಿಯರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಒಗ್ಗರಣೆಯ ಚಿಟಿಕೆಗಿಂತ ಹೆಚ್ಚು ತಗೋಬಾರದು.