ಅಜ್ಜನ ಜೋಡುನಳಿಗೆ ಕೋವಿ: ಉಳಿಸಿಕೊಳ್ಳುವುದೇ, ತಿದ್ದಿಸುವುದೇ, ಮಾರಿ ಹೊಸದು ಕೊಳ್ಳುವುದೇ?

ಪ್ರಶ್ನೆ — ಕೊಪ್ಪದ ಅಡಿಕೆ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೊಪ್ಪ ತಾಲ್ಲೂಕಿನ ಕಾಡಂಚಿನಲ್ಲಿದೆ. ಎರಡೂವರೆ ಎಕರೆ ಅಡಿಕೆ ತೋಟ, ಅದರ ಕೆಳಗೆ ಸ್ವಲ್ಪ ಗದ್ದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದ 12 ಬೋರಿನ (ನಳಿಗೆಯ ಒಳ ಅಳತೆ) ಜೋಡುನಳಿಗೆ ಕೋವಿಯೊಂದನ್ನು ನನ್ನ ಅಜ್ಜ ಕೊಂಡಿದ್ದರು. ಅವರ ನಂತರ ಅದು ತಂದೆಯವರ ಹೆಸರಿಗೆ ಬಂದು ಮೂವತ್ತೈದು ವರ್ಷಗಳಾದವು. ತಂದೆಯವರಿಗೆ ಈಗ 72 ವರ್ಷ. ರಾತ್ರಿ ಗದ್ದೆಗೆ ಹಂದಿ ಇಳಿದಾಗ ಎದ್ದು ಹೋಗುವ ಶಕ್ತಿ ಅವರಿಗಿಲ್ಲ, ಪರವಾನಗಿ ಅವರ ಹೆಸರಿನಲ್ಲಿರುವುದರಿಂದ ಕೋವಿಯನ್ನು ಹಿಡಿದು ನಾನು ಹೋಗುವಂತಿಲ್ಲ. ನವೀಕರಣಕ್ಕೆ ಇನ್ನು ಐದು ತಿಂಗಳು ಉಳಿದಿದೆ.

ನನ್ನ ಗೊಂದಲಗಳು ಮೂರು. ನಳಿಗೆ 30 ಇಂಚು ಉದ್ದವಿದ್ದು ಅಡಿಕೆ ಮರಗಳ ನಡುವೆ ತಿರುಗಿಸುವುದು ಕಷ್ಟ. ನಾಲ್ಕು ಇಂಚು ಕತ್ತರಿಸಿದರೂ 26 ಉಳಿಯುತ್ತದೆ, ಕಾನೂನಿನಲ್ಲಿ 20 ಇಂಚಿದ್ದರೆ ಸಾಕು ಎಂದು ನೆರೆಯವರೊಬ್ಬರು ಹೇಳುತ್ತಾರೆ. ಇದು ಸರಿಯೇ? ಎರಡನೆಯದಾಗಿ, ಈಗ ಪೇಟೆಯಲ್ಲಿ ಸಿಗುವ ತೋಟಾಗಳು (ಕಾರ್ಟ್ರಿಜ್) ಇದಕ್ಕೆ ಉದ್ದವಾಗುತ್ತವೆ, ತೋಟಾ ಕೂರುವ ಕೋಣೆಯನ್ನು ಸ್ವಲ್ಪ ಕೊರೆಸಿಕೊಂಡರೆ ಆಯಿತು ಎಂದು ಇನ್ನೊಬ್ಬರ ಸಲಹೆ. ಕೊನೆಯದಾಗಿ, ಮಾರಲು ವಿಚಾರಿಸಿದಾಗ ಒಬ್ಬ ವ್ಯಾಪಾರಿ ಗುಜರಿಗೆ ಹಾಕುವಂತಹ ಬೆಲೆ ಹೇಳಿದರು, ಇನ್ನೊಬ್ಬರು ವಿಲಾಯತಿ ಕೋವಿಯನ್ನು ಯಾವ ಕಾರಣಕ್ಕೂ ಕೊಡಬೇಡಿ ಎಂದರು. ಇದನ್ನು ಮಾರಿ ಹೊಸ ಕೋವಿ ಕೊಳ್ಳುವುದು ಬುದ್ಧಿವಂತಿಕೆಯೇ? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1 — ಕೋವಿ ರಿಪೇರಿಯವರು, ಹಾಸನ

ಪರವಾನಗಿ ಪಡೆದ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಕೋವಿ ರಿಪೇರಿ ಮಾಡಿದವನು ನಾನು. ಕತ್ತರಿಸುವ, ಕೊರೆಸುವ ಯೋಚನೆ ಎರಡನ್ನೂ ಇಂದೇ ಬಿಟ್ಟುಬಿಡಿ. ಕಾನೂನಿನ ಮಾತನ್ನು ತಿಳಿದವರು ಹೇಳಲಿ, ನಾನು ಕಬ್ಬಿಣದ ಮಾತು ಹೇಳುತ್ತೇನೆ.

ಜೋಡುನಳಿಗೆ ಎಂದರೆ ಎರಡು ಕೊಳವೆಗಳನ್ನು ಪಕ್ಕಪಕ್ಕದಲ್ಲಿಟ್ಟು ಕಟ್ಟಿದ್ದಲ್ಲ. ಎರಡೂ ಈಡು ಒಂದೇ ಜಾಗಕ್ಕೆ ಬೀಳುವಂತೆ ನಳಿಗೆಗಳನ್ನು ಬಾಯಿಯ ಕಡೆಗೆ ತುಸು ಒಳಮುಖವಾಗಿ ಓರೆ ಮಾಡಿ, ನಡುವೆ ಪಟ್ಟಿಯಿಟ್ಟು ಬೆಸುಗೆ ಹಾಕಿರುತ್ತಾರೆ. ಅಲ್ಲದೆ ಚರೆಯನ್ನು (ತೋಟಾದೊಳಗಿನ ಸಣ್ಣ ಗುಂಡುಗಳನ್ನು) ಒಟ್ಟಾಗಿ ಕಳಿಸುವ ಬಿಗಿತ, ಅಂದರೆ ಚೋಕು, ಇರುವುದು ನಳಿಗೆಯ ಕೊನೆಯ ಒಂದೆರಡು ಇಂಚಿನಲ್ಲಿ ಮಾತ್ರ. ನಾಲ್ಕು ಇಂಚು ಕತ್ತರಿಸಿದರೆ ಮೊದಲು ಹೋಗುವುದು ಆ ಚೋಕು. ನಂತರ ಬಾಯಿಯ ಬೆಸುಗೆ ಬಿಟ್ಟು ಪಟ್ಟಿ ಏಳುತ್ತದೆ, ಪಟ್ಟಿಯ ಕೆಳಗೆ ಮಳೆಗಾಲದ ನೀರು ಸೇರಿ ಹೊರಗಿನಿಂದ ಕಾಣದಂತೆ ತುಕ್ಕು ಹಿಡಿಯುತ್ತದೆ. ಹಾಗೆ ಎಂದೋ ಕತ್ತರಿಸಿದ್ದ ಒಂದು ಕೋವಿಯನ್ನು ನಾನು ಬಿಚ್ಚಿ ನೋಡಿದ್ದೇನೆ. ಪಟ್ಟಿ ತೆಗೆದಾಗ ಒಳಗೆ ನಳಿಗೆಯ ಗೋಡೆ ಉಗುರಿನಿಂದ ಕೆರೆದರೆ ಪುಡಿ ಉದುರುವ ಸ್ಥಿತಿಯಲ್ಲಿತ್ತು. ಅದರ ಯಜಮಾನರು ಅದೇ ಕೋವಿಯಲ್ಲಿ ಹಿಂದಿನ ವಾರವಷ್ಟೇ ಈಡು ಹೊಡೆದಿದ್ದರು.

ಕೋಣೆಯ ವಿಷಯ ಇನ್ನೂ ಗಂಭೀರವಾದದ್ದು. ಕೋವಿಯ ಮುಂದಿನ ಮರದ ತುಂಡನ್ನು ತೆಗೆದು ನಳಿಗೆಯನ್ನು ಬೇರೆ ಮಾಡಿ, ಕೆಳಮೈ ಮೇಲಿನ ಎಣ್ಣೆಯ ಮಡ್ಡಿಯನ್ನು ಬಟ್ಟೆಯಿಂದ ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕೋಣೆಯ ಭಾಗದ ಸಮತಟ್ಟಿನ ಮೇಲೆ ಸಣ್ಣ ಮುದ್ರೆಗಳು ಕಾಣುತ್ತವೆ. ಅಲ್ಲಿ ಎರಡೂವರೆ ಇಂಚು ಎಂದಿದ್ದರೆ ಅದು 65 ಮಿ.ಮೀ. ಕೋಣೆ, ಎರಡೂ ಮುಕ್ಕಾಲು ಎಂದಿದ್ದರೆ 70 ಮಿ.ಮೀ. ಹೊಗೆರಹಿತ ಮದ್ದಿಗೆ ಪರೀಕ್ಷೆಯಾಗಿದ್ದರೆ ನೈಟ್ರೋ ಪ್ರೂಫ್ ಎಂಬ ಅಕ್ಷರಗಳೂ ಇರುತ್ತವೆ. ಅದು ಇಲ್ಲದಿದ್ದರೆ, ಅಥವಾ ನಳಿಗೆಯ ಮೈಮೇಲೆ ಮರದ ಎಳೆಯಂತಹ, ನೀರಿನ ಅಲೆಯಂತಹ ಗೆರೆಗಳಿದ್ದರೆ, ಅದು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ ಎಂದು ತಿಳಿದು, ಪರಿಣತರು ನೋಡುವ ತನಕ ಯಾವ ತೋಟಾವನ್ನೂ ಹಾಕಬೇಡಿ.

ತೋಟಾದ ಮೇಲೆ ಬರೆದಿರುವ 70 ಮಿ.ಮೀ. ಎಂಬುದು ಈಡು ಹಾರಿದ ಮೇಲೆ ಬಾಯಿ ಪೂರ್ತಿ ಬಿಚ್ಚಿಕೊಂಡಾಗಿನ ಉದ್ದ. ಹೊಡೆಯುವ ಮುನ್ನ ಬಾಯಿ ಮಡಚಿರುವುದರಿಂದ ಅದು 65ರ ಕೋಣೆಯೊಳಗೆ ಸಲೀಸಾಗಿ ಕೂರುತ್ತದೆ, ಕೋವಿಯೂ ಮುಚ್ಚಿಕೊಳ್ಳುತ್ತದೆ. ಕೋವಿಯ ಕುದುರೆ (ಟ್ರಿಗರ್) ಎಳೆದಾಗ ಬಿಚ್ಚಿಕೊಳ್ಳಲು ಜಾಗ ಸಾಲದೆ ಮಡಿಕೆಯ ಅಂಚು ನಳಿಗೆ ಕಿರಿದಾಗುವ ಜಾಗಕ್ಕೆ ನುಗ್ಗುತ್ತದೆ, ಒತ್ತಡ ಏರುತ್ತದೆ. ಆದ್ದರಿಂದ ‘ಕೂರುತ್ತದೆ, ಹಾಗಾಗಿ ಹೊಂದುತ್ತದೆ’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇದಕ್ಕೆ ಪರಿಹಾರ ಕೊರೆಸುವುದೂ ಅಲ್ಲ. ಕೋಣೆಯ ಮುಂದಿನ ಗೋಡೆ ಮೊದಲೇ ತೆಳು; ಕೊರೆದರೆ ಒತ್ತಡ ಹೆಚ್ಚಿರುವ ಜಾಗದಲ್ಲೇ ಅದು ಇನ್ನೂ ತೆಳುವಾಗುತ್ತದೆ, ಹಳೆಯ ಪರೀಕ್ಷೆಯ ಮುದ್ರೆಗೆ ಅರ್ಥವೂ ಉಳಿಯುವುದಿಲ್ಲ. 65 ಮಿ.ಮೀ. ತೋಟಾ ತರಿಸಿಕೊಡುವ ಅಂಗಡಿಯನ್ನು ಹುಡುಕಿಕೊಳ್ಳಿ.

ತೋಟದಲ್ಲಿ ಹಿಡಿಯಲು ಕಷ್ಟವಾಗುತ್ತಿರುವುದು ನಳಿಗೆಯ ಉದ್ದದಿಂದಲೇ ಎಂದು ನನಗೆ ಅನ್ನಿಸುವುದಿಲ್ಲ. ಹೆಗಲಿಗೆ ಕೊಡುವ ಮರದ ಹಿಡಿ ನಿಮ್ಮ ತೋಳಿಗೆ ಉದ್ದವಾಗಿರಬಹುದು. ಅದನ್ನು ಅಳತೆಗೆ ತರುವುದು ಮರದ ಕೆಲಸ. ಪರವಾನಗಿ ಇರುವ ರಿಪೇರಿಯವರು ನಳಿಗೆಯನ್ನು ಮುಟ್ಟದೆ ಮಾಡಿಕೊಡುತ್ತಾರೆ.

ಉತ್ತರ 2 — ನಿವೃತ್ತ ಶಿರಸ್ತೇದಾರ

ಜಿಲ್ಲಾಧಿಕಾರಿ ಕಚೇರಿಯಲ್ಲಿ ಆಯುಧ ಪರವಾನಗಿಯ ಕಡತಗಳನ್ನು ಹಲವು ವರ್ಷ ನೋಡಿದ ಅನುಭವದಿಂದ ಬರೆಯುತ್ತಿದ್ದೇನೆ.

ನಿಮ್ಮ ನೆರೆಯವರು ಎರಡು ಬೇರೆ ಬೇರೆ ಕಲಮುಗಳನ್ನು ಬೆರೆಸಿದ್ದಾರೆ. 1959ರ ಆಯುಧ ಕಾಯಿದೆಯ 13ನೆಯ ಕಲಮಿನಲ್ಲಿ ಬರುವ 20 ಇಂಚು ಎಂಬುದು ಎಂತಹ ಕೋವಿಗೆ ಪರವಾನಗಿ ಕೊಡಬಹುದು ಎಂಬ ಅಳತೆ. ನಳಿಗೆಯನ್ನು ಮೊಟಕುಗೊಳಿಸುವುದು 6ನೆಯ ಕಲಮಿಗೆ ಸೇರಿದ್ದು. ಅಲ್ಲಿ ಎಷ್ಟು ಇಂಚು ಉಳಿಯುತ್ತದೆ ಎಂಬ ಪ್ರಶ್ನೆಯೇ ಇಲ್ಲ, ಅದಕ್ಕೆಂದೇ ಪ್ರತ್ಯೇಕ ಪರವಾನಗಿ ಇಲ್ಲದೆ ಕತ್ತರಿಸುವುದೇ ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ರಿಪೇರಿಯನ್ನು ಕೂಡ ಪರವಾನಗಿ ಇಲ್ಲದ ಕಮ್ಮಾರರಿಂದ ಮಾಡಿಸುವಂತಿಲ್ಲ.

ನಿಮ್ಮ ನಿಜವಾದ ಕೆಲಸ ಇರುವುದು ಹೆಸರು ವರ್ಗಾವಣೆಯಲ್ಲಿ. ಪರವಾನಗಿದಾರರು ತೀರಿಕೊಂಡ ಮೇಲೆಯೇ ಮಕ್ಕಳಿಗೆ ಬರುತ್ತದೆ ಎಂದು ಬಹಳ ಜನ ಸುಮ್ಮನೆ ಕಾಯುತ್ತಾರೆ. 2016ರ ಆಯುಧ ನಿಯಮಗಳ 25ನೆಯ ನಿಯಮದಂತೆ, ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಅವರು ಆ ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದರೆ, ಅವರು ಬದುಕಿರುವಾಗಲೇ ತಾವು ಸೂಚಿಸಿದ ವಾರಸುದಾರರಿಗೆ ಕೊಡಿಸಬಹುದು. ನಿಮ್ಮ ತಂದೆಯವರಿಗೆ ಎರಡೂ ಅನ್ವಯಿಸುತ್ತವೆ. ನಮೂನೆ ಎ-1ರಲ್ಲಿ ನಿಮ್ಮ ಅರ್ಜಿ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ಇವನ್ನು ಮೊದಲು ಸಿದ್ಧಪಡಿಸಿಕೊಳ್ಳಿ. ಪೊಲೀಸ್ ಇಲಾಖೆಯ ನಾಗರಿಕ ಬಂದೂಕು ತರಬೇತಿ ಶಿಬಿರ ನಿಮ್ಮ ಜಿಲ್ಲೆಯಲ್ಲಿ ಯಾವಾಗ ನಡೆಯುತ್ತದೆ ಎಂದು ಠಾಣೆಯಲ್ಲಿ ವಿಚಾರಿಸಿ. ಪೊಲೀಸ್ ವರದಿಗೆ ಸಮಯ ಹಿಡಿಯುವುದರಿಂದ, ಐದು ತಿಂಗಳು ಇರುವಾಗಲೇ ಅರ್ಜಿ ಕೊಡಿ, ತಂದೆಯವರ ನವೀಕರಣವನ್ನೂ ಜೊತೆಯಲ್ಲೇ ಕೇಳಿ. ಅವಧಿ ಮುಗಿದ ಪರವಾನಗಿಯ ಕೋವಿಯನ್ನು ಒಂದು ದಿನವೂ ಮನೆಯಲ್ಲಿ ಇಟ್ಟುಕೊಳ್ಳಬಾರದು. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರರ ಬದಲು ಐದು ವರ್ಷ.

ಮಾರುವುದಾದರೆ, ವ್ಯಾಪಾರಿಗೆ ಕೊಡಬಹುದು. ಹೊಂದಲು ಅರ್ಹತೆಯುಳ್ಳ ಇನ್ನೊಬ್ಬ ಖಾಸಗಿಯವರಿಗೆ ನೇರವಾಗಿ ಕೊಡಬೇಕೆಂದರೆ ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತ ಮಾಹಿತಿ ಕೊಟ್ಟು 45 ದಿನ ಕಳೆದಿರಬೇಕು.

ಇನ್ನೊಂದು ಮಾತನ್ನು ಬೆಳೆಗಾರರಿಗೆಲ್ಲ ಹೇಳಬೇಕಾಗಿದೆ. ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಅನುಮತಿಯಲ್ಲ. 2022ರ ತಿದ್ದುಪಡಿಯ ಪ್ರಕಾರ ಕಾಡುಹಂದಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯವೆಂದು ಕೊಲ್ಲಬೇಕಾದರೆ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಆದೇಶ ಬೇಕು. ಹೆದರಿಸಿ ಓಡಿಸುವುದೇ ಕೋವಿಯ ಕೆಲಸ ಎಂದು ತಿಳಿದು ನಡೆದವರು ಯಾರೂ ನಮ್ಮ ಕಚೇರಿಯ ಬಾಗಿಲಲ್ಲಿ ಕಣ್ಣೀರಿಟ್ಟಿದ್ದನ್ನು ನಾನು ಕಂಡಿಲ್ಲ.

ಉತ್ತರ 3 — ವಿರಾಜಪೇಟೆಯಿಂದ

ಬೆಲೆಯ ವಿಷಯಕ್ಕೆ ನಾನು ಉತ್ತರಿಸುತ್ತೇನೆ. ನಿಮಗೆ ಎರಡು ವಿರುದ್ಧ ಮಾತು ಹೇಳಿದ ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ನಿಜವನ್ನೇ ಹೇಳಿದ್ದಾರೆ.

1980ರ ದಶಕದ ಮಧ್ಯಭಾಗದಲ್ಲಿ ಹೊರದೇಶದ ಕೋವಿಗಳ ಆಮದು ಸಾಮಾನ್ಯರಿಗೆ ನಿಂತುಹೋದ ಮೇಲೆ, ದೇಶದೊಳಗೆ ಇದ್ದಷ್ಟೇ ವಿಲಾಯತಿ ಕೋವಿಗಳು ಕೈಯಿಂದ ಕೈಗೆ ಓಡಾಡುತ್ತಾ ಬೆಲೆ ಏರಿತು. 2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ ಒಬ್ಬರಿಗೆ ಮೂರು ಇದ್ದ ಮಿತಿಯನ್ನು ಎರಡಕ್ಕೆ ಇಳಿಸಿತು. ವಂಶಪಾರಂಪರ್ಯವಾಗಿ ಬಂದ ಕೋವಿಗೂ ಅದೇ ಲೆಕ್ಕ. ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೆ ಅಥವಾ ವ್ಯಾಪಾರಿಗೆ ಒಪ್ಪಿಸಬೇಕಾಯಿತು. ಸಕಲೇಶಪುರದ ಕಡೆ ತೋಟವಿದ್ದ ನನ್ನ ಸೋದರಮಾವನ ಹತ್ತಿರ ಪರವಾನಗಿಯ ಮೇಲೆ ಮೂರು ಕೋವಿಗಳಿದ್ದವು. ಎಲ್ಲರೂ ಒಟ್ಟಿಗೆ ಮಾರಲು ಹೊರಟಾಗ ಕೊಳ್ಳುವವರು ಎಲ್ಲಿಂದ ಬರಬೇಕು? ಮಾವ ಹೋದ ಅಂಗಡಿಯಲ್ಲಿ ಗೋಡೆಗೆ ಒರಗಿಸಿಟ್ಟ ಕೋವಿಗಳಿಗೆ ಚೀಟಿ ಕಟ್ಟಿ ಸಾಲಾಗಿ ನಿಲ್ಲಿಸಿದ್ದರು. ಕೊಳ್ಳುವುದಿಲ್ಲ, ಬೇಕಾದರೆ ತಿಂಗಳ ಬಾಡಿಗೆಗೆ ಠೇವಣಿ ಇಟ್ಟುಕೊಳ್ಳುತ್ತೇನೆ ಎಂದು ಅಂಗಡಿಯವರು ಹೇಳಿದಾಗ, ಮಾವ ತಮ್ಮ ತಂದೆಯ ಕೋವಿಯನ್ನು ಸಿಕ್ಕ ಬೆಲೆಗೆ ಕೊಟ್ಟು ಬಂದರು. ಚರ್ಮದ ಪಟ್ಟಿಯನ್ನು ಮಾತ್ರ ಬಿಚ್ಚಿಕೊಂಡು ಬಂದಿದ್ದರು. ಅದು ಇಂದಿಗೂ ಅವರ ಮನೆಯ ಗೂಟದಲ್ಲಿ ನೇತಾಡುತ್ತಿದೆ.

ಆ ಇಳಿತದ ಬೆಲೆಯನ್ನೇ ಕೆಲವು ವ್ಯಾಪಾರಿಗಳು ಇಂದಿಗೂ ಹೇಳುತ್ತಾರೆ. ಆದರೆ ಮುದ್ರೆಗಳು ಸ್ಪಷ್ಟವಾಗಿದ್ದು, ನಳಿಗೆ ಮುಟ್ಟದೆ ಉಳಿದು, ಕಾಗದಪತ್ರದ ಸಂಖ್ಯೆ ಕೋವಿಯ ಸಂಖ್ಯೆಗೆ ಹೊಂದುವ ವಿಲಾಯತಿ ಜೋಡುನಳಿಗೆಯನ್ನು ಕೇಳಿಕೊಂಡು ಬರುವವರು ಈಗಲೂ ಇದ್ದಾರೆ. ಕತ್ತರಿಸಿದ್ದನ್ನು, ಕೊರೆದದ್ದನ್ನು ಕೇಳುವವರಿಲ್ಲ. ಹೊಸದು ಕೊಳ್ಳುವುದಾದರೆ ಇಶಾಪುರದ ಸರ್ಕಾರಿ ಕಾರ್ಖಾನೆಯ ಜೋಡುನಳಿಗೆ ಗಟ್ಟಿಯಾದದ್ದು. ತಿರುಚಿರಾಪಳ್ಳಿಯ ಕಾರ್ಖಾನೆ, ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ತುಂಬುವ ಪಂಪ್ ಆಕ್ಷನ್ ಕೋವಿಯನ್ನೂ ಮಾಡುತ್ತದೆ. 2021ರ ಅಕ್ಟೋಬರ್‌ನಲ್ಲಿ ಈ ಸರ್ಕಾರಿ ಆರ್ಡ್‌ನನ್ಸ್ (ಶಸ್ತ್ರಾಸ್ತ್ರ) ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ವಿಂಗಡಿಸಿದ್ದಾರೆ. ಹಳೆಯ ಬೆಲೆಪಟ್ಟಿಯನ್ನು ನಂಬದೆ ಈಗಿನದನ್ನು ಕೇಳಿ ತಿಳಿದುಕೊಳ್ಳಿ.

ಕೊಡಗಿನವರಿಗೆ ಪರವಾನಗಿಯೇ ಬೇಡವಲ್ಲ ಎಂದು ಹೊರಗಿನವರು ಹೇಳುವುದನ್ನು ಕೇಳಿ ಯಾರೂ ಮೋಸಹೋಗಬಾರದು. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿಯ) ಹಿಡುವಳಿದಾರರಿಗೆ ಇರುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು, 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿದದ್ದು, 2021ರಲ್ಲಿ ರಾಜ್ಯ ಹೈಕೋರ್ಟ್ ಎತ್ತಿಹಿಡಿದದ್ದು. ಕೈಲ್ ಪೊಳ್ದ್ ಎಂಬ ಆಯುಧ ಪೂಜೆಯ ಹಬ್ಬದ ದಿನ ನೆಲ್ಲಕ್ಕಿ ನಡುಬಾಡೆಯಲ್ಲಿ (ನಡುಮನೆಯಲ್ಲಿ) ತೋಕನ್ನು, ಅಂದರೆ ಕೋವಿಯನ್ನು, ಇಟ್ಟು ತೋಕ್ ಪೂ ಎಂಬ ಹೂವಿನಿಂದ ಅಲಂಕರಿಸಿ ಪೂಜಿಸುವ ನಮಗೆ ಅದು ಮನೆಯ ಹಿರಿಯನಿದ್ದಂತೆ. ಆ ವಿನಾಯಿತಿ ನಿಮ್ಮ ಕೊಪ್ಪಕ್ಕೆ ಅನ್ವಯಿಸುವುದಿಲ್ಲ. ನಮಗೂ ಅದರಲ್ಲಿ ಕೋವಿಯ ಮತ್ತು ತೋಟಾದ ಸಂಖ್ಯೆಗೆ ಮಿತಿಯಿದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ಸಂಜೆ ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಕೈಯಿಂದಲೇ ನಳಿಗೆ ಬಿಚ್ಚಿಸಿ ನೋಡಿದೆವು. ಎರಡೂವರೆ ಇಂಚಿನ ಮುದ್ರೆಯಿದೆ, ನೈಟ್ರೋ ಪ್ರೂಫ್ ಎಂಬುದೂ ಇದೆ. ಅಲೆಯಂತಹ ಗೆರೆಗಳಿಲ್ಲ. ಮನೆಯ ಪೆಟ್ಟಿಗೆಯಲ್ಲಿದ್ದ ಹದಿನಾಲ್ಕು ತೋಟಾಗಳೂ 70 ಮಿ.ಮೀ. ಎಂದು ತಿಳಿದಾಗ ತಂದೆಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇವನ್ನು ಏನು ಮಾಡಬೇಕು?

ಉತ್ತರ 1ರವರು

ಒಂದನ್ನೂ ಹಾರಿಸಬೇಡಿ, ಬಿಚ್ಚಲೂ ಹೋಗಬೇಡಿ, ಬೇರೆಯವರಿಗೆ ಕೊಡುವುದಂತೂ ಕೂಡದು. ಪರವಾನಗಿ ಪುಸ್ತಕದ ಸಮೇತ ತಂದೆಯವರೇ ತೋಟಾ ಕೊಂಡ ಅಂಗಡಿಗೆ ಹೋಗಿ ವಾಪಸ್ ಕೊಟ್ಟು, ಪುಸ್ತಕದಲ್ಲಿ ನಮೂದು ಮಾಡಿಸಿಕೊಂಡು ಬರಲಿ. ಅದೇ ಪ್ರಯಾಣದಲ್ಲಿ ಕೋವಿಯನ್ನೂ ಒಯ್ದು, ಕೋಣೆಯ ಮುಂದಿನ ಭಾಗದಲ್ಲಿ ಉಬ್ಬು ಅಥವಾ ಕೂದಲೆಳೆಯಂತಹ ಬಿರುಕು ಇದೆಯೇ ಎಂದು ಪರಿಣತ ರಿಪೇರಿಯವರಿಂದ ನೋಡಿಸಿ. ಇಷ್ಟು ವರ್ಷ 70ರ ತೋಟಾ ಹಾರಿಸಿದ ಕೋವಿ ಅದು; ಅವರು ಸರಿಯಿದೆ ಎಂದ ನಂತರವೇ ಹೊಸ ತೋಟಾ ಕೊಳ್ಳಿ.