ಸ್ಟೇಜ್-2 ಆಗದೆ ಮರ ಕಡಿತ: ಎನ್‌ಜಿಟಿಗೋ, ಹೈಕೋರ್ಟಿಗೋ?

ಹೊಳೆಸಾಲು:
ನಮ್ಮ ಕಡೆ ರಾಷ್ಟ್ರೀಯ ಹೆದ್ದಾರಿ ಅಗಲ ಮಾಡ್ತಿದ್ದಾರೆ. ಒಟ್ಟು 46 ಕಿ.ಮೀ.; ಅದರಲ್ಲಿ 9 ಕಿ.ಮೀ. ಮೀಸಲು ಅರಣ್ಯ, ಕೊನೆಯ 3 ಕಿ.ಮೀ. ಅಭಯಾರಣ್ಯ. ಅರಣ್ಯಭೂಮಿ ಬಳಸೋಕೆ ಕೇಂದ್ರದ ಸ್ಟೇಜ್-1 (ತಾತ್ವಿಕ ಒಪ್ಪಿಗೆ) ಸಿಕ್ಕಿದೆ, ಸ್ಟೇಜ್-2 (ಅಂತಿಮ ಒಪ್ಪಿಗೆ) ಇಲ್ಲ. ಆದರೂ ಮರಗಳಿಗೆ ನಂಬರ್ ಹೊಡೆದು ಕಡಿಯೋಕೆ ಶುರು ಮಾಡಿದ್ದಾರೆ. ಪರಿಸರ ಅನುಮತಿಯೂ ತಗೊಂಡಿಲ್ಲ. ಎಲ್ಲಿಗೆ ಹೋಗಬೇಕು, ಎನ್‌ಜಿಟಿಗೋ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ), ಹೈಕೋರ್ಟಿಗೋ?

ಗಡಿಕಲ್ಲು:
ಪರಿಸರ ಅನುಮತಿಯ ವಾದ ಕೈಬಿಡಿ. 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯಲ್ಲಿ ಈಗಿರುವ ಹೆದ್ದಾರಿಯ ವಿಸ್ತರಣೆಗೆ ಅದು ಬೇಕಾಗೋದು ಉದ್ದ 100 ಕಿ.ಮೀ. ಮೀರಿ, ಹೊಸದಾಗಿ ಸೇರುವ ಜಾಗ ಹಳೇ ಜಾಡಿನಲ್ಲಿ 40 ಮೀಟರ್, ಹೊಸ ಜಾಡಿನಲ್ಲಿ 60 ಮೀಟರ್ ದಾಟಿದಾಗ ಮಾತ್ರ. ರಸ್ತೆಯನ್ನ ತುಂಡು ಮಾಡಿ ಅನುಮತಿ ತಪ್ಪಿಸಿದ್ದಾರೆ ಅನ್ನೋ ವಾದ ವಿಲ್ಲುಪುರಂ–ನಾಗಪಟ್ಟಿಣಂ ರಸ್ತೆ ವಿಚಾರದಲ್ಲಿ ಮದ್ರಾಸ್ ಹೈಕೋರ್ಟಲ್ಲಿ ನಿಂತಿತ್ತು. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನ ತಿರುಗಿಸಿತು.

ಸ್ಟೇಜ್-2 ಇಲ್ಲ ಅಂದ ಮಾತ್ರಕ್ಕೆ ಕಡಿತ ಅಕ್ರಮ ಆಗಲ್ಲ. ರಸ್ತೆ, ರೈಲು, ಪೈಪ್‌ಲೈನ್ ಯೋಜನೆಗಳಿಗೆ ಸ್ಟೇಜ್-1 ಆಗಿ, ಎನ್‌ಪಿವಿ (ಕಳೆದುಹೋಗುವ ಕಾಡಿಗೆ ಕಟ್ಟಿದ ಬೆಲೆ) ಮತ್ತು ಪರಿಹಾರಾತ್ಮಕ ಅರಣ್ಯೀಕರಣದ ದುಡ್ಡು ಕಟ್ಟಿದ ಮೇಲೆ ಕೆಲಸ ಶುರು ಮಾಡೋಕೆ ಬೇರೆಯೇ ಆದೇಶ ಹೊರಡುತ್ತೆ. ಮೊದಲು ಅದರ ಪ್ರತಿ ಹಿಡೀರಿ. ಆ ಆದೇಶವೇ ಇಲ್ಲದಿದ್ದರೆ ನಿಮ್ಮ ಕೇಸ್ ಅರ್ಧ ಗೆದ್ದ ಹಾಗೆ. ಇದ್ದರೆ ಎನ್‌ಜಿಟಿ ಕಾಯ್ದೆ ಕಲಂ 16ರಲ್ಲಿ ಮೇಲ್ಮನವಿಗೆ 30 ದಿನ, ಸಕಾರಣ ತೋರಿಸಿದರೆ ಇನ್ನೂ 60. 91ನೇ ದಿನ ಹೋದರೆ ಪೀಠ ಮನಸ್ಸು ಮಾಡಿದರೂ ತಗೊಳ್ಳೋ ಹಾಗಿಲ್ಲ. ಎಷ್ಟೋ ಜನ ಇಲ್ಲೇ ಎಡವೋದು: ಆರ್‌ಟಿಐ ಹಾಕಿ ಕೂರ್ತಾರೆ, ಉತ್ತರ ಕೊಡೋಕೆ ಅವರಿಗೂ 30 ದಿನ ಇದೆಯಲ್ಲ! ಆರ್‌ಟಿಐ ಹಾಕಿ, ಆದರೆ ಅದನ್ನ ಕಾಯಬೇಡಿ. ಇಂಥ ಅನುಮತಿ ಅರ್ಜಿಗಳಿರುವ ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ಪ್ರಸ್ತಾವನೆ ಸಂಖ್ಯೆ ಹುಡುಕಿ ಎಲ್ಲ ಕಡತ ಇವತ್ತೇ ಇಳಿಸಿಕೊಳ್ಳಿ. ಕರ್ನಾಟಕಕ್ಕೆ ಚೆನ್ನೈ ಪೀಠ.

ಬೈನೆಮರ:
ಇಳಿಸಿದ ಕಡತದಲ್ಲಿ ಮೊದಲು ನೋಡಬೇಕಾದ್ದು ಡಿಎಫ್‌ಒ (ವಿಭಾಗದ ಅರಣ್ಯಾಧಿಕಾರಿ) ತುಂಬುವ ಅರ್ಜಿಯ ಭಾಗ-2. ಅರಣ್ಯಭೂಮಿ ಅನಿವಾರ್ಯವೇ, ಕನಿಷ್ಠ ಪ್ರಮಾಣವೇ, ಪರ್ಯಾಯ ಪರಿಶೀಲಿಸಿದ್ದೀರಾ ಅಂತ ಒಂದು ಕಾಲಂ. ಅಪರೂಪದ ಪ್ರಾಣಿ-ಸಸ್ಯ ಇದೆಯೇ ಅಂತ ಇನ್ನೊಂದು. ಅಲ್ಲಿ ‘ಇಲ್ಲ’ ಅಂತಿದ್ದು, ಅದೇ ವಿಭಾಗದ ವರ್ಕಿಂಗ್ ಪ್ಲಾನ್‌ನಲ್ಲಿ (ಅರಣ್ಯ ಇಲಾಖೆಯ ನಿರ್ವಹಣಾ ಯೋಜನೆ) ಸಿಂಗಳೀಕದ ಹೆಸರಿದ್ದರೆ ಎರಡು ಪುಟವನ್ನೂ ಅಕ್ಕಪಕ್ಕ ಲಗತ್ತಿಸಿ. ಹತ್ತು ಪುಟದ ಭಾಷಣಕ್ಕಿಂತ ಇದು ಗಟ್ಟಿ. ಕೇಳಿದ ಜಾಗದ ಗಡಿ ತೋರಿಸುವ ಕೆಎಂಎಲ್ ನಕ್ಷೆ ಫೈಲನ್ನ ಗೂಗಲ್ ಅರ್ಥ್‌ನಲ್ಲಿ ತೆರೆದು, ಕಡಿದ ಬುಡಗಳ ಜಿಪಿಎಸ್ ಬಿಂದು ಅದರ ಒಳಗಿವೆಯೋ ಹೊರಗೋ ನೋಡಿ. ಫೋಟೋದಲ್ಲಿ ಚೈನೇಜ್ (ರಸ್ತೆಯ ಕಿ.ಮೀ. ಗುರುತು), ತಾರೀಖು, ಮರದ ನಂಬರ್ ಮೂರೂ ಕಾಣಬೇಕು. ಬರೀ ಉರುಳಿದ ಮರದ ಚಿತ್ರ ಪತ್ರಿಕೆಗೆ ಸರಿ, ಕೋರ್ಟಿಗಲ್ಲ.

ಅಭಯಾರಣ್ಯದ 3 ಕಿ.ಮೀ. ಬೇರೆ ದಾರಿ. ಅದಕ್ಕೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಯ ಒಪ್ಪಿಗೆ ಬೇಕು. 1972ರ ವನ್ಯಜೀವಿ ಕಾಯ್ದೆ ಎನ್‌ಜಿಟಿ ವಿಚಾರಿಸಬಹುದಾದ ಕಾಯ್ದೆಗಳ ಪಟ್ಟಿಯಲ್ಲೇ ಇಲ್ಲದ್ದರಿಂದ ಈ ಭಾಗಕ್ಕೆ ಹೈಕೋರ್ಟಲ್ಲಿ ರಿಟ್ ಹಾಕಬೇಕು. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ಇಲ್ಲಿಂದ ಅಲ್ಲಿಗೆ ಓಡಾಡಿಸ್ತಾರೆ. ಸಮಿತಿಯ ಒಪ್ಪಿಗೆ ಅಲ್ಲಾಡದ ಕಲ್ಲೇನೂ ಅಲ್ಲ: ಕ್ಯಾಸಲ್‌ರಾಕ್–ಕುಳೆಂ ರೈಲು ಜೋಡಿಹಳಿಗೆ ಅದು ಕೊಟ್ಟಿದ್ದ ಒಪ್ಪಿಗೆಯನ್ನ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು.

ಹೊಳೆಸಾಲು:
ತುಂಬಾ ಉಪಕಾರ ಸರ್. ಗ್ರಾಮಸಭೆ ಒಪ್ಪಿಗೆ ತಗೊಂಡಿಲ್ಲ ಅನ್ನೋದು ನಡೆಯುತ್ತಾ?

ಗಡಿಕಲ್ಲು:
ಕಷ್ಟ. 2013ರ ಫೆಬ್ರವರಿ 5ರ ಕೇಂದ್ರದ ಪತ್ರ ರಸ್ತೆಯಂಥ ಯೋಜನೆಗಳಿಗೆ ಅದರಿಂದ ವಿನಾಯಿತಿ ಕೊಟ್ಟಿದೆ. ಜೇನುಕುರುಬ, ಕೊರಗರಂಥ ವಿಶೇಷ ದುರ್ಬಲ ಬುಡಕಟ್ಟುಗಳ ಹಕ್ಕಿಗೆ ಧಕ್ಕೆ ಬರುವಂತಿದ್ದರೆ ಮಾತ್ರ ಎತ್ತಿ.

ಇನ್ನೊಂದು ಮಾತು, ‘ರಸ್ತೆಯೇ ಬೇಡ’ ಅಂತ ಒಂದೇ ಪ್ರಾರ್ಥನೆ (ಕೋರ್ಟಿಗೆ ಕೋರಿಕೆ) ಬರೀಬೇಡಿ. ಪರ್ಯಾಯ ಪ್ರಾರ್ಥನೆಯಾಗಿ ಕಾಡಿನೊಳಗೆ ಅಗಲ ತಗ್ಗಿಸೋದು, ಪ್ರಾಣಿಗಳಿಗೆ ರಸ್ತೆಯ ಕೆಳಗಿನ ದಾರಿ ಕೇಳಿ. ಪೆಂಚ್ ಹುಲಿ ಮೀಸಲು ಪ್ರದೇಶದ ಬಳಿ ಎನ್‌ಎಚ್-44ರಲ್ಲಿ ಅಂಥ 9 ದಾರಿಗಳಿವೆ, ಅತಿ ಉದ್ದದ್ದು 750 ಮೀಟರ್. ಮಧ್ಯಂತರ ತಡೆಯಾಜ್ಞೆ ಅರ್ಜಿ ಮೇಲ್ಮನವಿ ಜೊತೆಗೇ ಇರಲಿ. ಮರ ಪೂರ್ತಿ ಉರುಳಿದ ಮೇಲೆ ಪೀಠಕ್ಕೆ ಉಳಿಯೋದು ದಂಡದ ಲೆಕ್ಕ ಅಷ್ಟೇ.