ಸಾಲದ ವಿಮೆ ಬೇರೆ, ಮನೆಯ ವಿಮೆ ಬೇರೆ

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಹೊಸ ಮನೆಗೆ ಸಾಲ ಕೊಡುವಾಗಲೇ ಬ್ಯಾಂಕಿನವರು ವಿಮೆ ಮಾಡಿಸಿದ್ದಾರೆ, ಇನ್ನೊಂದು ಬೇಕೇ ಎಂದು ಅತ್ತಿಗೆ ನಿನ್ನೆ ಈ ಗುಂಪಿನಲ್ಲಿ ಕೇಳಿದ್ದರು. ಉತ್ತರ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಕೇಳಿ.

ಅತ್ತಿಗೆ, ಆ ಪಾಲಿಸಿ ಯಾವುದರ ಮೇಲಿನದು ಎಂದು ಮೊದಲು ನೋಡಿ. ಸಾಲದ ಜೊತೆ ಬರುವುದು ಬಹಳ ಸಲ ಸಾಲ ಪಡೆದವರ ಜೀವದ ಮೇಲಿನ ವಿಮೆ. ಅವರು ತೀರಿಕೊಂಡರೆ ಉಳಿದ ಸಾಲಕ್ಕೆ ಅದು ಆಧಾರ. ಮಾಡಿನ ಮೇಲೆ ಹಲಸಿನ ಮರ ಬಿದ್ದರೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಕಟ್ಟಡಕ್ಕೆ ಬೇಕಾದದ್ದು ‘ಭಾರತ್ ಗೃಹ ರಕ್ಷಾ’ ಎಂಬ ಪಾಲಿಸಿ. 2021ರ ಏಪ್ರಿಲ್ 1ರಿಂದ ಇದರ ಷರತ್ತುಗಳು ಎಲ್ಲ ಕಂಪೆನಿಗಳಲ್ಲೂ ಒಂದೇ ನಮೂನೆಯವು. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಗುಡ್ಡ ಕುಸಿತ, ಮರ ಬೀಳುವುದು, ಇವೆಲ್ಲ ಇದರಲ್ಲಿ ಸೇರಿವೆ.

ವಿಮೆಯ ಮೊತ್ತಕ್ಕೆ ಜಾಗದ ಬೆಲೆಯನ್ನು ಸೇರಿಸಬೇಡಿ, ಏಕೆಂದರೆ ಜಾಗ ಸುಟ್ಟುಹೋಗುವುದಿಲ್ಲ. ಮನೆಯ ಕಾರ್ಪೆಟ್ ವಿಸ್ತೀರ್ಣವನ್ನು, ಅಂದರೆ ಗೋಡೆಗಳ ಒಳಗಿನ ನೆಲದ ಅಳತೆಯನ್ನು, ಈಗಿನ ಕಟ್ಟುವ ಖರ್ಚಿನಿಂದ ಗುಣಿಸಿದರೆ ಸಾಕು. ಸಾವಿರ ಚದರ ಅಡಿಗೆ ಅಡಿಯೊಂದಕ್ಕೆ 2,000 ರೂಪಾಯಿಯಂತೆ ಹಿಡಿದರೆ 20 ಲಕ್ಷ. ಕಟ್ಟಡದ ಜೊತೆ ಮನೆಯೊಳಗಿನ ಸಾಮಾನಿಗೂ ಆ ಮೊತ್ತದ ಶೇಕಡಾ 20ರಷ್ಟು, ಹೆಚ್ಚೆಂದರೆ 10 ಲಕ್ಷದವರೆಗೆ, ತಾನಾಗಿಯೇ ರಕ್ಷಣೆ ಸಿಗುತ್ತದೆ. ಅಂದರೆ ಈ ಲೆಕ್ಕದಲ್ಲಿ 4 ಲಕ್ಷ. ಚಿನ್ನ ಮಾತ್ರ ಇದರಲ್ಲಿ ಬರುವುದಿಲ್ಲ, ಅದಕ್ಕೆ ಬೆಲೆ ನಮೂದಿಸಿ ಪ್ರತ್ಯೇಕ ರಕ್ಷಣೆ ಪಡೆಯಬೇಕು.

ನಮ್ಮ ಕಡೆಯವರು ಮುಖ್ಯವಾಗಿ ತಿಳಿದಿರಬೇಕಾದದ್ದು ಸಿಡಿಲಿನ ವಿಷಯ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗುಮಳೆಯಲ್ಲಿ ಸಿಡಿಲು ಬಡಿದು ಗೋಡೆ ಬಿರುಕು ಬಿಟ್ಟರೆ, ಹಂಚು ಒಡೆದರೆ ಪರಿಹಾರ ಉಂಟು. ಆದರೆ ವಿದ್ಯುತ್ ತಂತಿಯಲ್ಲಿ ಒತ್ತಡ ಏರಿ ಫ್ರಿಜ್ ಅಥವಾ ಪಂಪಿನ ಮೋಟಾರು ಸುಟ್ಟರೆ ಆ ಉಪಕರಣಕ್ಕೆ ಸಿಗುವುದಿಲ್ಲ, ಕಾರಣ ಸಿಡಿಲೇ ಆಗಿದ್ದರೂ ಸಹ. ಆ ಫ್ರಿಜ್ಜಿನಿಂದ ಬೆಂಕಿ ಹಬ್ಬಿ ಅಡುಗೆಮನೆ ಸುಟ್ಟರೆ ಅಡುಗೆಮನೆಗೆ ಸಿಗುತ್ತದೆ. ಈ ಷರತ್ತನ್ನು ಯಾವ ಏಜೆಂಟರೂ ತಾವಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳಬೇಕಾಗಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗೆಯೇ ಮಳೆಗಾಲದಲ್ಲಿ ಕೆಂಪುಕಲ್ಲಿನ ಗೋಡೆಗೆ ನಿಧಾನವಾಗಿ ಇಳಿಯುವ ನೀರಿಗೂ, ಹಳತಾಗಿ ಜೀರ್ಣವಾದ ಮಾಡಿನ ಮರದ ಪಕ್ಕಾಸಿಗೂ ಯಾವ ಪರಿಹಾರವೂ ಇಲ್ಲ.

ಊರಿನ ಮನೆಗೆ ಬೀಗ ಹಾಕಿ ಗಲ್ಫಿನಲ್ಲಿರುವ ನಮ್ಮ ಹುಡುಗರು ಕಳ್ಳತನದ ವಿಷಯ ಗಮನಿಸಿ. ಬೆಂಕಿ, ನೆರೆಯಂಥ ಘಟನೆ ನಡೆದ 7 ದಿನಗಳೊಳಗೆ ಅದರ ಕಾರಣದಿಂದ ಕಳವಾದರೆ ಮಾತ್ರ ಈ ಪಾಲಿಸಿಯಲ್ಲಿ ಪರಿಹಾರ. ಬೀಗ ಮುರಿದು ಆಗುವ ಕಳ್ಳತನಕ್ಕೆ ಬರ್ಗ್ಲರಿ ವಿಮೆ ಎಂಬುದೇ ಬೇರೆ ಇದೆ. ಮನೆ ತಿಂಗಳುಗಟ್ಟಲೆ ಮುಚ್ಚಿರುವುದಾದರೆ ಆ ಸಂಗತಿಯನ್ನು ಕಂಪೆನಿಗೆ ಬರವಣಿಗೆಯಲ್ಲೇ ತಿಳಿಸಿ, ಅವರ ಉತ್ತರವನ್ನು ಇಟ್ಟುಕೊಳ್ಳಿ. ಬಾಡಿಗೆ ಮನೆಯಲ್ಲಿರುವವರು ತಮ್ಮ ಸಾಮಾನಿಗೆ ಮಾತ್ರ ವಿಮೆ ಮಾಡಿಸಿದರೆ ಸಾಕು.

ಹಾನಿಯಾದರೆ ಮೊದಲು ಫೋಟೊ ತೆಗೆದು ಕಂಪೆನಿಗೆ ತಿಳಿಸಿ. ಮಳೆ ಒಳಗೆ ಬಾರದಂತೆ ಟಾರ್ಪಾಲು ಹೊದಿಸಬಹುದು, ಆದರೆ ಹಾನಿಯನ್ನು ಅಂದಾಜು ಮಾಡುವ ಸರ್ವೇಯರ್ ಬಂದು ನೋಡುವವರೆಗೆ ಒಡೆದ ಹಂಚು, ಮುರಿದ ರೀಪುಗಳನ್ನು ಎಸೆಯಬೇಡಿ. ಕಂಪೆನಿ ನ್ಯಾಯವಾಗಿ ನಡೆದುಕೊಳ್ಳದಿದ್ದರೆ ನಮ್ಮ ಕಾಸರಗೋಡು ಜಿಲ್ಲೆಯವರು ಕೊಚ್ಚಿಯಲ್ಲಿರುವ ವಿಮಾ ಓಂಬುಡ್ಸ್‌ಮನ್‌ಗೆ, ಅಂದರೆ ವಿಮೆಯ ದೂರುಗಳನ್ನು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.

ಅತ್ತಿಗೆ, ಬ್ಯಾಂಕ್ ಕೊಟ್ಟ ಪಾಲಿಸಿಯ ಮೊದಲ ಪುಟದ ಫೋಟೊ ನನಗೆ ಕಳುಹಿಸಿ. ಕಟ್ಟಡದ ವಿಮೆ ಇಲ್ಲವೆಂದಾದರೆ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮೊದಲೇ, ಮಳೆಗಾಲ ಶುರುವಾಗುವ ಮುಂಚೆ, ಮಾಡಿಸಿಬಿಡೋಣ.